ಕಣ್ಣಲ್ಲಿ ಕಣ್ಣಿಡಬಾರದು

ಬೀಗ ರಿಪೇರಿಯ ಕೀಲಿಯಣ್ಣ ಅವತ್ತು ಕೇಳಬೇಕಾಗಿದ್ದ ಪ್ರಶ್ನೆ ಒಂದೇ: "ಇದು ನಿಮ್ಮದೇ ಮನೆ ಅನ್ನೋದಕ್ಕೆ ಏನಾದ್ರೂ ಗುರುತು ಇದೆಯಾ ಸಾರ್?" ಹಿಂದೊಮ್ಮೆ ಅದನ್ನು ಕೇಳದೆ, ಹೆಂಡತಿ ಬೇಕೆಂದೇ ಹೊರಗೆ ಹಾಕಿದ್ದ ಗಂಡನೊಬ್ಬನಿಗೆ ಬಾಗಿಲು ತೆಗೆದುಕೊಟ್ಟು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ್ದ. "ಇನ್ನೊಂದ್ಸಲ ಹೀಗಾದ್ರೆ ನಿನ್ನ ಅಂಗಡಿಗೆ ನಾನೇ ಬೀಗ ಹಾಕ್ತೀನಿ. ಅದನ್ನ ತೆಗೆಯೋಕೆ ನಿನ್ನ ಕೈಲೂ ಆಗಲ್ಲ" ಎಂದಿದ್ದರು ಇನ್ಸ್‌ಪೆಕ್ಟರು. ಅಂಗಡಿ ಹೋದರೆ ಅವನಿಗೆ ಬೇರೆ ಗತಿಯಿರಲಿಲ್ಲ.

ಟೈ ಕಟ್ಟಿಕೊಂಡವನೊಬ್ಬ ಏದುಸಿರು ಬಿಡುತ್ತಾ ಅಂಗಡಿಗೆ ಬಂದು, ಕೀಲಿ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡೆನೆಂದು ಹೇಳಿ ಅವನನ್ನು ಕರೆದುಕೊಂಡು ಹೋದ. ಬಾಗಿಲ ಮುಂದೆ ಕೂತ ಕೀಲಿಯಣ್ಣ ಆ ಪ್ರಶ್ನೆಗೆಂದು ಬಾಯಿ ತೆರೆಯುವುದಕ್ಕೂ, ಒಳಗಿನಿಂದ ಬಾಗಿಲು ಅದುರುವಂತೆ "ಬೌ!" ಎಂದು ಕೇಳುವುದಕ್ಕೂ ಸರಿಹೋಯಿತು. ತೆರೆದ ಬಾಯಿಂದ ಬಂದದ್ದು ಬೇರೆ ಪ್ರಶ್ನೆ.

"ನಾ... ನಾಯಿ ಇದೆಯಾ?"

"ಪಾಪದ್ದು. ಏನೂ ಮಾಡಲ್ಲ," ಎಂದ ಟೈನವನು, ನಾಲ್ಕು ಮೆಟ್ಟಿಲು ಕೆಳಗೆ ನಿಂತುಕೊಂಡು.

ಕೀಲಿಯಣ್ಣನಿಗೆ ನಾಯಿಯೆಂದರೆ ಜೀವ ಬಾಯಿಗೆ ಬರುತ್ತಿತ್ತು. ಬಾಗಿಲಿನಿಂದ ತೋಳುದ್ದ ದೂರ ಸರಿದು ಕಂಬಿಯನ್ನು ಬೀಗಕ್ಕೆ ತೂರಿಸಿದ. ಸದ್ದು ಕೇಳಿ ಮಹಡಿಯ ಡ್ರಿಲ್ ಮೇಷ್ಟ್ರೂ ಎದುರು ಮನೆಯ ಅಜ್ಜಿಯೂ ಹಾಜರಾದರು. ಈ ಮನೆಗೆ ಹೊಸ ಬಾಡಿಗೆಯವರು ಬಂದು ವಾರವಾಗಿತ್ತಷ್ಟೆ. ಬೆಳಕು ಹರಿಯುವ ಮುಂಚೆ ಹೋಗಿ ಕತ್ತಲಾದ ಮೇಲೆ ಬರುವ ಅವರ ಮುಖವನ್ನು ಇಬ್ಬರೂ ನೋಡಿರಲಿಲ್ಲ. ಗೊತ್ತಿದ್ದದ್ದು ನಾಯಿಯ ದನಿ ಮಾತ್ರ. ಸಲಹೆ ಕೊಡುವುದಕ್ಕೆ ಅಷ್ಟು ಧಾರಾಳವಾಯಿತು.

ಮೇಷ್ಟ್ರು ಕಿಟಕಿಯಲ್ಲಿ ಇಣುಕಿದರು. "ಬಾಲ ಆಡಿಸ್ತಿದೆ ಕಣಯ್ಯಾ, ಖುಷಿಯಾಗಿದೆ! ಕಣ್ಣಲ್ಲಿ ಕಣ್ಣಿಟ್ಟು 'ಕೂತ್ಕೋ' ಅಂತ ಗದರಿಸು."

"ಗದರಿಸಿದ್ರೆ ಕೂತ್ಕೊಳ್ಳೋದು ನಿಮ್ಮ ಶಿಷ್ಯರು ಮೇಷ್ಟ್ರೇ," ಎಂದು ಅಜ್ಜಿಯೂ ಇಣುಕಿದರು. ಏಳು ನಾಯಿಗಳನ್ನೂ ಒಬ್ಬ ಗಂಡನನ್ನೂ ಸಾಕಿದ್ದ ಅನುಭವ ಅವರದು. "ಬಾಲ ಕೋಲಿನ ಹಾಗೆ ನೆಟ್ಟಗಿದೆ, ತುದಿ ಮಾತ್ರ ಆಡ್ತಿದೆ. ಅದು ಎಚ್ಚರಿಕೆ. ಖುಷಿಯಾದ್ರೆ ಸೊಂಟಾನೂ ಆಡುತ್ತೆ. ನೋಡಪ್ಪಾ, ಅದರ ಕಣ್ಣು ದಿಟ್ಟಿಸ್ಬೇಡ, ಎದುರಿಗೆ ನಿಲ್ಬೇಡ, ಪಕ್ಕಕ್ಕೆ ತಿರುಗಿ ನಿಲ್ಲು. ತಲೆ ಮೇಲೆ ಕೈ ಹಾಕ್ಬೇಡ. ತುಟಿ ನೆಕ್ಕೊಂಡು ನಿಧಾನವಾಗಿ ಆಕಳಿಸು. ಜಗಳ ಬೇಡ ಅಂತ ಅದಕ್ಕೆ ತಿಳಿಯುತ್ತೆ. ಅದೇ ಬಂದು ಮೂಸ್ಲಿ."

"ಇಂಥ ಹೊತ್ತಲ್ಲಿ ಆಕಳಿಕೆ ಬರುತ್ತಾ ಅಜ್ಜೀ?"

"ಬರಿಸ್ಕೋ."

ಬೀಗ ಟಕ್ಕೆಂದಿತು. ಕರುವಿನಷ್ಟು ದೊಡ್ಡ ಕಂದು ನಾಯಿ ಹೊರಗೆ ಬಂತು. ಕೀಲಿಯಣ್ಣ ಪಕ್ಕಕ್ಕೆ ತಿರುಗಿ, ಗೋಡೆಯ ಬಿರುಕೊಂದನ್ನೇ ನೋಡುತ್ತಾ ತುಟಿ ನೆಕ್ಕಿಕೊಂಡು ಆಕಳಿಸಿದ. ಒದ್ದೆ ಮೂಗೊಂದು ಮೊಣಕೈ ಮುಟ್ಟಿತು. ಪ್ರಾಣ ಹೋಯಿತೆಂದುಕೊಂಡ. ಹೋಗಲಿಲ್ಲ. ಮತ್ತೆ ಆಕಳಿಸಿದ. ಸ್ವಲ್ಪ ಹೊತ್ತಿಗೆ ಪಾದದ ಮೇಲೆ ಬೆಚ್ಚಗೆ ಏನೋ ಬಿತ್ತು. ನಾಯಿ ಮೈ ಸಡಿಲಬಿಟ್ಟು ಅಂಗಾತ ಮಲಗಿತ್ತು. ಮೆಲ್ಲಗೆ ಅದರ ಎದೆ ತುರಿಸಿದ. ನಲವತ್ತು ವರ್ಷದ ಹೆದರಿಕೆ ಇಳಿದು ಅವನಿಗೆ ಅಳುವೇ ಬಂತು.

ಟೈನವನು ಗೋಡೆಗೆ ಒತ್ತಿಕೊಂಡು ಒಳಗೆ ಹೊರಟಾಗ ಮಾತ್ರ ನಾಯಿ ಎದ್ದು ಮೈ ಸೆಟೆದು, ಬೆನ್ನ ಕೂದಲು ನಿಮಿರಿಸಿ ಗುರುಗುಟ್ಟಿತು.

"ಕೂಡಿಹಾಕಿ ಹೋಗಿದ್ದಕ್ಕೆ ಯಜಮಾನನ ಮೇಲೆ ಸಿಟ್ಟು," ಎಂದರು ಮೇಷ್ಟ್ರು. ಈ ಸಲ ಅಜ್ಜಿಯೂ ಹೌದೆಂದರು. ಕೀಲಿಯಣ್ಣ ನಾಯಿಯ ಗಂಟಲು ತುರಿಸಿ ಸಮಾಧಾನ ಮಾಡಿದ. ಟೈನವನು ಎರಡು ಚೀಲ ತುಂಬಿಕೊಂಡು ಬಂದು, "ಈಗ ಬಂದೆ, ಸ್ವಲ್ಪ ಹಿಡ್ಕೊಂಡಿರಿ" ಎಂದು ಬೀದಿಗಿಳಿದ.

ಹತ್ತು ನಿಮಿಷದ ಮೇಲೆ, ಅವತ್ತು ಬೇಗ ಕೆಲಸ ಮುಗಿಸಿ ಬಂದವಳು ಕೈಯಲ್ಲಿ ಕೀಲಿಗೊಂಚಲು ಹಿಡಿದ ಹೆಂಗಸು. ನಾಯಿ ಸೊಂಟ ಆಡಿಸುತ್ತಾ ಅವಳತ್ತ ಓಡಿತು. ಅದನ್ನು ನೋಡಿದ ಅಜ್ಜಿಯ ಮುಖ ಕಪ್ಪಿಟ್ಟಿತು.

ಅರ್ಧ ಗಂಟೆಯಲ್ಲಿ ಇನ್ಸ್‌ಪೆಕ್ಟರು ಬಂದರು. ಅದೇ ಇನ್ಸ್‌ಪೆಕ್ಟರು.

"ನಮ್ಮ ಅತ್ತೇನೇ ಒಳಗೆ ಬಿಡದ ನಾಯಿ ಸಾರ್," ಎಂದು ಮನೆಯಾಕೆ ಅತ್ತಳು. "ಇವನಿಗೆ ಹೊಟ್ಟೆ ತೋರಿಸ್ಕೊಂಡು ಮಲಗಿತ್ತಂತೆ. ಎಷ್ಟು ದಿನದಿಂದ ಪಳಗಿಸಿದ್ನೋ!"

"ಅಜ್ಜಿ ಹೇಳಿಕೊಟ್ರು ಸಾರ್..."

ಅಜ್ಜಿ ಆಗಲೇ ತಮ್ಮ ಮನೆ ಸೇರಿ ಚಿಲಕ ಹಾಕಿಕೊಂಡಿದ್ದರು. "ನಾನಂತೂ ಕಣ್ಣಲ್ಲಿ ಕಣ್ಣಿಡು ಅಂತ್ಲೇ ಹೇಳಿದ್ದೆ," ಎಂದು ಮೇಷ್ಟ್ರು ಕೈ ತೊಳೆದುಕೊಂಡರು.

ಇನ್ಸ್‌ಪೆಕ್ಟರು ಹತ್ತಿರ ಬಂದರು. ಮೈ ಸೆಟೆದಿತ್ತು, ಮೀಸೆ ನಿಮಿರಿತ್ತು, ಲಾಠಿ ನೆಟ್ಟಗೆ ನಿಂತು ಅದರ ತುದಿ ಮಾತ್ರ ಆಡುತ್ತಿತ್ತು. ಕೀಲಿಯಣ್ಣನಿಗೆ ಕಲಿತ ಪಾಠ ನೆನಪಾಯಿತು. ಥಟ್ಟನೆ ಪಕ್ಕಕ್ಕೆ ತಿರುಗಿ, ಗೋಡೆಯ ಬಿರುಕು ನೋಡುತ್ತಾ, ತುಟಿ ನೆಕ್ಕಿ, ಉದ್ದಕ್ಕೆ ಆಕಳಿಸಿದ.

"ಮೂವತ್ತು ವರ್ಷದಿಂದ ಕಳ್ಳರನ್ನ ನೋಡ್ತಿದ್ದೀನಿ," ಎಂದರು ಇನ್ಸ್‌ಪೆಕ್ಟರು. "ಕಣ್ಣು ತಪ್ಪಿಸ್ತಾನೆ, ಮುಖ ತಿರುಗಿಸ್ತಾನೆ, ಬಾಯಿ ಒಣಗಿದೆ. ಮೇಲೆ ಆಕಳಿಕೆ ಬೇರೆ, ರಾತ್ರಿಯೆಲ್ಲಾ ಎಲ್ಲಿಗೆ ಕನ್ನ ಹಾಕಿದ್ಯೋ? ಜೀಪು ಹತ್ತು!"

ಜೀಪು ಹೊರಟಾಗ ಕೀಲಿಯಣ್ಣನನ್ನು ಬೀಳ್ಕೊಡಲು ಬೀದಿಯ ತುದಿಯವರೆಗೂ ಓಡಿಬಂದದ್ದು ನಾಯಿಯೊಂದೇ. ಬಾಲದ ಜೊತೆಗೆ ಸೊಂಟವೂ ಆಡುತ್ತಿತ್ತು. ಇನ್ಸ್‌ಪೆಕ್ಟರು ಅದನ್ನೂ ಬರೆದುಕೊಂಡರು.