ಒರುಂಬಿಯ ಅಂಗಳದಲ್ಲಿ ಎರಡು ಕೋಲು

ತೆವಾಕುವಿನ ಕೈ ಸುಮ್ಮನಿರುವ ಕೈಯಲ್ಲ. ಒಲೆಯ ಮೇಲಿನ ಗಡ್ಡೆ ಬೆಂದಿತೇ ಎಂದು ಚುಚ್ಚಿ ಚುಚ್ಚಿ ನೋಡಿ ಅದನ್ನು ಹಿಟ್ಟು ಮಾಡಿಡುವವನು ಅವನು. ಮೀನು ಸಿಕ್ಕಿತೇ ಎಂದು ಗಾಳವನ್ನು ಎತ್ತಿ ಎತ್ತಿ ಮೀನಿಗೇ ಬೇಸರ ತರಿಸುವವನು. ಇಂಥ ಕೈಯಿಟ್ಟುಕೊಂಡು ತಲೂಮ ದ್ವೀಪದಲ್ಲಿ ಮದುವೆಯಾಗುವುದು ಬಹಳ ಕಷ್ಟ.

ತಲೂಮದಲ್ಲಿ ಹೆಣ್ಣು ಕೇಳುವುದೆಂದರೆ, ಹೆಣ್ಣಿನ ಮನೆಯ ಅಂಗಳದಲ್ಲಿ ಬೆಳಿಗ್ಗೆ ಒಂದು ಕೋಲು ನೆಟ್ಟು, ಅದಕ್ಕೊಂದು ಬಟ್ಟೆ ಕಟ್ಟಿ, ದಿನವಿಡೀ ಆ ಮನೆಯ ಚಾಕರಿ ಮಾಡುವುದು. ಹೊತ್ತು ಮುಳುಗುವುದರೊಳಗೆ ಕೋಲು ಚಿಗುರಿದರೆ ಸಂಬಂಧ ಗಟ್ಟಿ. ಅದೇನು ದೊಡ್ಡ ಪರೀಕ್ಷೆಯಲ್ಲ, ಆ ಮಣ್ಣೇ ಹಾಗೆ. ಮರೆತು ಊರಿಟ್ಟ ದೋಣಿಯ ಹುಟ್ಟು ಕೂಡ ಮಧ್ಯಾಹ್ನಕ್ಕೆ ಎಲೆ ಬಿಡುತ್ತದೆ. ಮನೆ ಕಟ್ಟುವವರು ಕಂಬದ ಬುಡವನ್ನು ಕರಕಲಾಗುವಂತೆ ಸುಟ್ಟೇ ನೆಡಬೇಕು. ಇಲ್ಲವಾದರೆ ಮಳೆಗಾಲ ಮುಗಿಯುವಷ್ಟರಲ್ಲಿ ಚಾವಣಿ ಮೋಡಕ್ಕೆ ತಾಗುತ್ತದೆ.

ಅಂಥ ಮಣ್ಣಿನಲ್ಲೂ ತೆವಾಕುವಿನ ಕೋಲು ಎರಡು ವರ್ಷ ಒಣಗಿತ್ತು. ಬೇರು ಬಂತೇ ಎಂದು ಗಳಿಗೆಗೊಮ್ಮೆ ಕಿತ್ತು ನೋಡಿದರೆ ಯಾವ ಕೋಲು ತಾನೇ ಚಿಗುರೀತು? ಮೂರನೆಯ ವರ್ಷ ನೆಡುವುದಕ್ಕೇ ಆಗಲಿಲ್ಲ. ಅವನು ಮೆಚ್ಚಿದ್ದ ಹುಡುಗಿ ಸಿಲೋಮಿ, ಅವಳ ಅಕ್ಕನಿಗೆ ಆ ವರ್ಷ ಮದುವೆಯಾಯಿತು. ಒಂದು ಮನೆಗೆ ವರ್ಷಕ್ಕೆ ಒಂದೇ ಮದುವೆ ಎಂಬುದು ಊರಿನ ಕಟ್ಟಳೆ.

ಈ ಸಲ ಸಿಲೋಮಿಯ ತಾಯಿ ಒರುಂಬಿ ಕಡ್ಡಿ ಮುರಿದಂತೆ ಹೇಳಿದಳು. "ನೋಡಪ್ಪ ತೆವಾಕು, ಇದೇ ಕೊನೆ. ಇವತ್ತೂ ಒಣಗ್ತು ಅಂದ್ರೆ ಉತ್ತರದ ಕೊಲ್ಲಿಯವರಿಗೆ ಹೂಂ ಅಂತೀನಿ. ಅವರು ಕೇಳ್ತಾನೇ ಇದಾರೆ."

ಕೋಲು ನೆಟ್ಟು ಹಳದಿ ಬಟ್ಟೆ ಕಟ್ಟಿದ ತೆವಾಕುವನ್ನು ಸಿಲೋಮಿ ಬಾಗಿಲ ಮರೆಗೆ ಕರೆದಳು.

"ಅದನ್ನ ಮುಟ್ಟಬೇಡ. ಅದರ ಹತ್ರ ಸುಳಿದ್ರೂ ನಿನ್ನ ಕೈ ಹಿಡಿದು ಕಂಬಕ್ಕೆ ಕಟ್ಟಿಹಾಕ್ತೀನಿ. ಗೊತ್ತಾಯ್ತಾ?"

"ಒಂದೇ ಸಲ, ಮೆಲ್ಲಗೆ ಅಲ್ಲಾಡಿಸಿ ನೋಡ್ಲಾ?"

"ಹೋಗಿ ನೀರು ತಾ!"

ತೆವಾಕು ನೀರಿನ ಊಟೆಯಿಂದ ಕೊಡ ತುಂಬಿ ಹೊತ್ತು ಬರುವಾಗ ಸಮುದ್ರದ ಕಡೆಯಿಂದ ಢಂ ಎಂದು ಸದ್ದಾಯಿತು. ಕೊಡ ಬಿದ್ದು ಹೋಳಾಯಿತು. ದೂರದಲ್ಲಿ ಒಂದು ಹಡಗು ನಿಂತಿತ್ತು. ಒಂದು ದೋಣಿ ತುಂಬ ಸಿಪಾಯಿಗಳು ದಡಕ್ಕೆ ಇಳಿಯುತ್ತಿದ್ದರು. ಅವರ ಮುಂದೆ ಉಣ್ಣೆಯ ಕೆಂಪು ಕೋಟು ತೊಟ್ಟು ಬೆವರಿನಲ್ಲಿ ಮಿಂದಿದ್ದ ಒಬ್ಬ ದಪ್ಪ ಮನುಷ್ಯ ನಡೆಯುತ್ತಿದ್ದ. ಗ್ರೆಮಾರಿಯ ದೊರೆ ಕಳಿಸಿದ ಕಪ್ತಾನ ವೊರ್ಗೆಲ್ ಅವನೇ.

ಕಪ್ತಾನ ದಡದಲ್ಲಿ ನಿಂತು, ಎಲ್ಲಕ್ಕಿಂತ ಎತ್ತರದ ಜಾಗ ಯಾವುದು ಎಂದು ನೋಡಿದ. ಅದು ಒರುಂಬಿಯ ಅಂಗಳವಾಗಿತ್ತು. ಸಿಪಾಯಿಗಳು ನೇರ ಅಲ್ಲಿಗೆ ಹತ್ತಿ, ತೆವಾಕುವಿನ ಕೋಲಿನ ಪಕ್ಕದಲ್ಲೇ ಗುಂಡಿ ತೋಡಿ, ಅದಕ್ಕಿಂತ ನಾಲ್ಕು ಪಟ್ಟು ಉದ್ದದ ಕಂಬ ನೆಟ್ಟರು. ತುದಿಯಲ್ಲಿ ಕೆಂಪು ನೀಲಿ ಬಾವುಟ ಪಟಪಟ ಎಂದಿತು. ಕಪ್ತಾನ ಎದೆಯುಬ್ಬಿಸಿ ಏನೋ ಕೂಗಿದ. ಅಕ್ಕಪಕ್ಕದ ದ್ವೀಪಗಳಲ್ಲಿ ವ್ಯಾಪಾರ ಮಾಡಿ ಇಲ್ಲಿಯ ಮಾತು ಚೆನ್ನಾಗಿ ಕಲಿತಿದ್ದ ದುಭಾಷಿ ಅದನ್ನು ತಪ್ಪಿಲ್ಲದೆ ತಿಳಿಸಿದ.

"ಇಂದಿನಿಂದ ಈ ನೆಲ, ಈ ನೀರು, ಈ ಮನೆ, ಈ ಮನೆಯ ಜನ ಎಲ್ಲ ನಮ್ಮ ರಕ್ಷಣೆಯಲ್ಲಿ! ನಿಮಗೆ ಯಾವ ಕೊರತೆಯೂ ಆಗದ ಹಾಗೆ ನೋಡಿಕೊಳ್ಳುತ್ತೇವೆ!"

ಅಷ್ಟರಲ್ಲಿ ಊರೆಲ್ಲ ಅಲ್ಲಿ ಸೇರಿತ್ತು. ಚಿಗುರು ನೋಡಿ ತೀರ್ಪು ಹೇಳುವ ಮುದುಕ ಪುರೇಗ ಗಡ್ಡ ನೀವಿಕೊಂಡ. "ಗಂಡಿನ ಬಾಯಿ ಜೋರಾಗೇ ಇದೆ. ನಮ್ಮ ಹುಡುಗರು ದಿನಕ್ಕೊಂದು ಮೀನು ತರ್ತೀನಿ ಅನ್ನೋಕೇ ತಡವರಿಸ್ತಾರೆ."

"ಬರುವಾಗ ಸದ್ದು ಬೇರೆ ಮಾಡಿಸ್ಕೊಂಡು ಬಂದ. ಉಳ್ಳವರ ಮನೆಯವನೇ ಇರಬೇಕು" ಎಂದಳು ಒರುಂಬಿ.

ತೆವಾಕುವಿಗೆ ನೆತ್ತಿ ಬಿಸಿಯಾಯಿತು. "ಅಯ್ಯೋ ತಾತ, ಅವನು ಹೆಣ್ಣು ಕೇಳೋಕೆ ಬಂದಿಲ್ಲ! ನೆಲ ಕೇಳೋಕೆ ಬಂದಿದಾನೆ!"

"ಅಂಗಳದಲ್ಲಿ ಕೋಲು ನೆಟ್ಟು, ಬಟ್ಟೆ ಕಟ್ಟಿ ನೆಲ ಕೇಳ್ತಾರೇನೋ? ನೆಲ ಏನು ಯಾರಾದ್ರೂ ಕೇಳಿ ತಗೊಳ್ಳೋ ವಸ್ತೂನಾ? ಹೊಟ್ಟೆಕಿಚ್ಚಿಗೂ ಒಂದು ಮಿತಿ ಇರ್ಲಿ ಕಣೋ" ಎಂದು ಪುರೇಗ ಗದರಿಸಿದ. ಊರವರು ಹೌದೆಂದು ತಲೆಯಾಡಿಸಿದರು.

ಒರುಂಬಿ ಒಳಗೆ ಹೋಗಿ ಖಾಲಿ ಕೊಡ ತಂದು ಕಪ್ತಾನನ ಕೈಗಿತ್ತಳು. ಇಲ್ಲಿಯವರು ಶರಣಾಗುವ ಕ್ರಮ ಇದಿರಬೇಕೆಂದುಕೊಂಡ ಕಪ್ತಾನ ಟೋಪಿ ತೆಗೆದು ಅದನ್ನು ಎರಡೂ ಕೈಯಲ್ಲಿ ಸ್ವೀಕರಿಸಿದ. ಒರುಂಬಿ ಊಟೆಯ ಕಡೆ ಬೆರಳು ತೋರಿಸಿದಳು. ಮೊದಲ ದಿನವೇ ಇವರ ಮನಸ್ಸು ನೋಯಿಸಬಾರದೆಂದು ಕಪ್ತಾನ ನಡೆದ, ಕೊಡ ತುಂಬಿ ತಂದ. ಆಮೇಲೆ ಅವಳು ಕೊಡಲಿ ಕೊಟ್ಟಳು. ಅದಾದ ಮೇಲೆ ಸುಲಿಯದ ತೆಂಗಿನಕಾಯಿಯ ರಾಶಿ ತೋರಿಸಿದಳು. ಗಂಡಿನ ಕಡೆಯವರು ಎಂದ ಮೇಲೆ ಸಿಪಾಯಿಗಳಿಗೂ ಬಿಡುವಿರಲಿಲ್ಲ. ಅವರು ಕೋವಿಗಳನ್ನು ಮರದ ಹಿಡಿ ಕೆಳಗೆ ಮಾಡಿ ಕೆಸುವಿನ ಮಡಿಯ ಹಸಿ ಮಣ್ಣಿನಲ್ಲಿ ಸಾಲಾಗಿ ಊರಿ, ಕಾಯಿ ಸುಲಿಯಲು ಕೂತರು.

ತೆವಾಕು ಅವುಡುಗಚ್ಚಿ ಸಿಲೋಮಿಯ ಹತ್ತಿರ ಹೋದ. ಅವಳ ಕಣ್ಣು ತುಂಬಿತ್ತು.

"ಅವನ ಕೋಲು ಮೊದಲು ಚಿಗುರಿದ್ರೆ ಅಮ್ಮ ಅವನಿಗೇ ಕೊಡ್ತಾಳೆ. ಆ ಕೋಟು ನೋಡು, ಒಳ್ಳೇ ಬೆಂದ ಏಡಿ ಥರ ಇದಾನೆ. ನಾನು ಅವನ ಜೊತೆ ಬಾಳ್ಬೇಕಾ? ಏನಾದ್ರೂ ಮಾಡು ತೆವಾಕು. ಆದ್ರೆ ನಿನ್ನ ಕೋಲು ಮಾತ್ರ ಮುಟ್ಟಬೇಡ!"

ತನ್ನ ಕೋಲಿನ ಯೋಚನೆಯೇ ಅವನಿಗೆ ಆಗ ಇರಲಿಲ್ಲ. ಅವನು ಬಾವುಟದ ಕಂಬವನ್ನೇ ನೋಡುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅದರ ಬಣ್ಣ ಸಿಪ್ಪೆ ಏಳತೊಡಗಿತ್ತು. ಗಿಣ್ಣುಗಳಲ್ಲಿ ಹಸಿರು ಇಣುಕುತ್ತಿತ್ತು. ಇನ್ನು ತಡಮಾಡಿದರೆ ಕೆಲಸ ಕೆಟ್ಟಿತು. ಬುಡ ಸುಟ್ಟು ತಂದು ಮತ್ತೆ ನೆಟ್ಟರೆ ಯಾರಿಗೆ ತಿಳಿಯುತ್ತದೆ? ಸುಟ್ಟ ಕಂಬ ಹೇಗೂ ಚಿಗುರುವುದಿಲ್ಲ.

ಎಲ್ಲರೂ ಒಳಗೆ ಊಟಕ್ಕೆ ಕೂತ ಸಮಯ ನೋಡಿ ಅವನು ಕಂಬವನ್ನು ತಬ್ಬಿ ಕಿತ್ತ. ಹೆಗಲ ಮೇಲೆ ಹೊತ್ತು, ಹಿಂದೆ ಬಾವುಟವನ್ನು ಎಳೆದುಕೊಂಡು ಓಡಿದ. ದಾರಿಯಲ್ಲಿ ನೆರೆಮನೆಯ ಹೆಂಗಸು ಅಡ್ಡ ನಿಂತಳು.

"ಏನೋ ಅದು, ಅಷ್ಟುದ್ದ?"

"ಬಟ್ಟೆ ಒಣಗಿಸೋಕೆ!"

"ಇರೋದು ಒಂದು ಬಟ್ಟೆ, ಅದಕ್ಕೆ ಇಷ್ಟು ದೊಡ್ಡ ಗಳಾನಾ?" ಎಂದು ಅವಳು ಕೇಳುತ್ತಿರುವಾಗಲೇ ಅವನು ಮೂಲೆ ತಿರುಗಿದ್ದ. ತಿರುಗುವಾಗ ಕಂಬದ ಹಿಂತುದಿ ಅವಳ ಚಪ್ಪರವನ್ನು ಕೆಡವಿತು. ಅವಳ ಬೈಗುಳ ಬಹಳ ದೂರದವರೆಗೆ ಅವನ ಜೊತೆಗೇ ಬಂತು.

ತೆವಾಕುವನ್ನು ಸಾಕಿದ್ದು ಅವನ ಚಿಕ್ಕಮ್ಮ ಹೊದಾಲಿ, ಈಗಲೂ ಇಬ್ಬರದೂ ಒಂದೇ ಮನೆ. ಅವಳ ಗಂಡ ಸಮುದ್ರಕ್ಕೆ ಹೋಗಿ ಬಾರದೆ ಎಷ್ಟೋ ವರ್ಷಗಳಾಗಿದ್ದವು. ಅವಳು ಮನೆಯಲ್ಲಿಲ್ಲವೆಂದು ತಿಳಿದು ತೆವಾಕು ಕಂಬವನ್ನು ಅಡಿಗೆಮನೆಗೆ ನುಗ್ಗಿಸಿದ. ಕಂಬ ಒಲೆಯನ್ನು ದಾಟಿ, ಅನ್ನದ ಮಡಕೆಯನ್ನು ಉರುಳಿಸಿ, ಕಿಟಕಿಯಿಂದ ಹೊರಬಿತ್ತು. ಹಿಂದಕ್ಕೆಳೆದರೆ ಬಾವುಟ ಬಾಗಿಲಿಗೆ ಸಿಕ್ಕಿಕೊಂಡಿತು. ಆ ಹೊತ್ತಿಗೇ ಬೀದಿಯಿಂದ ಚಿಕ್ಕಮ್ಮನ ದನಿ ಕೇಳಿಸಿತು. ಗಾಬರಿಯಲ್ಲಿ ಅವನು ಕಂಬವನ್ನು ಹೊರಗೆಳೆದು ಹಿತ್ತಲಿಗೆ ಓಡಿ, ಮೆತ್ತಗಿದ್ದ ಜಾಗ ಕಂಡಲ್ಲಿ ಚುಚ್ಚಿ ನಿಲ್ಲಿಸಿದ.

ಮೆತ್ತಗಿದ್ದ ಜಾಗ ಗೊಬ್ಬರದ ಗುಂಡಿಯಾಗಿತ್ತು. ಕೈ ಬಿಡುವಷ್ಟರಲ್ಲಿ ಕಂಬ ಚಟಚಟ ಸದ್ದು ಮಾಡಿತು. ತೆವಾಕು ಕೀಳಲು ನೋಡಿದ, ಅದು ಅಲ್ಲಾಡಲಿಲ್ಲ. ಒಂದು ಎಲೆ, ಇನ್ನೊಂದು ಎಲೆ, ನೋಡುನೋಡುತ್ತ ಕೊಂಬೆ. ಬಾವುಟದ ಸುತ್ತ ನೇರಳೆ ಬಣ್ಣದ ಹೂಗೊಂಚಲೂ ಬಂತು.

ಹೊದಾಲಿ ಹಿತ್ತಲ ಬಾಗಿಲಲ್ಲಿ ನಿಂತಳು. ಕೈಯಲ್ಲಿದ್ದ ಮೀನಿನ ಬುಟ್ಟಿ ಕೆಳಗಿಟ್ಟಳು.

"ಯಾರೋ ಇದು ನೆಟ್ಟಿದ್ದು?"

"ಚಿಕ್ಕಮ್ಮ... ಅದು... ಆ ಕಪ್ತಾನಂದು..."

"ನನ್ನ ಅಂಗಳದಲ್ಲಾ?" ಹೊದಾಲಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಇಷ್ಟು ವರ್ಷ ಆದಮೇಲೂ ನನ್ನನ್ನ ಒಬ್ಬರು ಕೇಳಿದ್ರಾ?"

ಅವಳ ಮುಖದಲ್ಲಿ ತೆವಾಕು ಎಂದೂ ನೋಡಿರದ ಬೆಳಕಿತ್ತು. ನಿಜ ಹೇಳಲು ಅವನು ಬಾಯಿ ತೆರೆದ. ತನಗೆ ಗಂಜಿ ಕುಡಿಸಿದ ಕೈ ಹೂಗೊಂಚಲನ್ನು ಸವರುತ್ತಿರುವುದನ್ನು ನೋಡಿ ಬಾಯಿ ಮುಚ್ಚಿಕೊಂಡ. ಅವನಿಗೆ ನಾಚಿಕೆಯಾಯಿತು, ಸಂತೋಷವೂ ಆಯಿತು.

ಅಂಗಳದಲ್ಲಿ ಬಾವುಟ ಕಾಣದೆ ಕೆರಳಿದ ಕಪ್ತಾನ, ಹೊದಾಲಿಯ ಚಾವಣಿಯಾಚೆ ಅದರ ತುದಿ ಕಂಡು, ಊರನ್ನೆಲ್ಲ ಹಿಂದಿಟ್ಟುಕೊಂಡು ಬಂದೇ ಬಿಟ್ಟ. ಸಿಪಾಯಿಗಳು ಬರಿಗೈಯಲ್ಲಿದ್ದರು. ಅವರ ಕೋವಿಗಳು ಕೆಸುವಿನ ಮಡಿಯಲ್ಲಿ ಬೇರು ಬಿಟ್ಟು, ಎಷ್ಟು ಎಳೆದರೂ ಬರದೆ, ನಳಿಗೆಯ ಸುತ್ತ ಎಲೆ ಹೊದ್ದು ನಿಂತಿದ್ದವು.

ಕಪ್ತಾನ ಹಿತ್ತಲಲ್ಲಿ ಕಾಲಿಟ್ಟವನು ಹೂಬಿಟ್ಟ ಬಾವುಟವನ್ನು ನೋಡಿ ಗಕ್ಕನೆ ನಿಂತ. ಮೀಸೆಯಡಿಯಲ್ಲೇ ಏನೋ ಗೊಣಗಿದ. ದುಭಾಷಿ ಮೆಲ್ಲಗೆ ತಿಳಿಸಿದ. "ಎಷ್ಟೋ ದ್ವೀಪದಲ್ಲಿ ನೆಟ್ಟರಂತೆ. ಒಂದು ಕಡೆ ಗಾಳಿ ಹೊತ್ತೊಯ್ತಂತೆ, ಇನ್ನೊಂದು ಕಡೆ ಆಡು ತಿಂತಂತೆ. ಬೇರು ಬಿಟ್ಟಿದ್ದು ಇದೇ ಮೊದಲಂತೆ."

ಕಪ್ತಾನ ಟೋಪಿ ತೆಗೆದು, ತನ್ನ ದೇಶದ ಕ್ರಮದಂತೆ, ಬಾವುಟದ ಮುಂದೆ ಮಂಡಿಯೂರಿದ.

ಊರೆಲ್ಲ ಹೋ ಎಂದಿತು. ಚಿಗುರಿದ ಕೋಲಿನ ಮುಂದೆ ಮಂಡಿಯೂರಿದರೆ ಮಾತು ಕೊಟ್ಟಂತೆ. ತಲೂಮದಲ್ಲಿ ಆಮೇಲೆ ಹಿಂತೆಗೆದವರಿಲ್ಲ.

"ಕೋಲು ಎಲ್ಲಿ ಚಿಗುರ್ತೋ ಆ ಮನೇನೇ ಅವನ ಮನೆ" ಎಂದು ಪುರೇಗ ತೀರ್ಪು ಕೊಟ್ಟ. ಒಳ್ಳೆಯ ನೀರು ಹೊರುವವನು ಕೈತಪ್ಪಿದನಲ್ಲ ಎಂದು ಒರುಂಬಿ ನಿಟ್ಟುಸಿರಿಟ್ಟಳು.

ದುಭಾಷಿ ವಿಷಯ ಬಿಡಿಸಿ ಹೇಳುವಷ್ಟರಲ್ಲಿ ಹೊದಾಲಿ ಬಾಳೆಲೆಯ ಮೇಲೆ ತೆಂಗಿನಹಾಲಿನಲ್ಲಿ ಬೆಂದ ಮೀನು ತಂದಿಟ್ಟಿದ್ದಳು. ಹಡಗಿನಲ್ಲಿ ಹುಳ ಬಿದ್ದ ಒಣರೊಟ್ಟಿ ತಿಂದು ಬಂದಿದ್ದ ಕಪ್ತಾನ ಒಂದು ತುತ್ತು ಬಾಯಿಗಿಟ್ಟ. ಕಣ್ಣು ಮುಚ್ಚಿಕೊಂಡು ನಿಧಾನವಾಗಿ ನುಂಗಿದ. ಉಣ್ಣೆಯ ಕೋಟು ಬಿಚ್ಚಿ ಪಕ್ಕಕ್ಕಿಟ್ಟು ಏನೋ ಅಂದ.

"ಏನಂತಾರೆ?" ಎಂದು ಪುರೇಗ ಕೇಳಿದ.

"ನಾಳೆಯೂ ಇದೇ ಮೀನು ಇರುತ್ತಾ ಅಂತ ಕೇಳ್ತಿದಾರೆ" ಎಂದ ದುಭಾಷಿ.

ತೆವಾಕು ಮನಸ್ಸಿನಲ್ಲೇ ಕುಣಿದ. ಸಿಲೋಮಿ ಉಳಿದಳು, ಚಿಕ್ಕಮ್ಮನಿಗೆ ಜೊತೆಯಾಯಿತು. ಅಷ್ಟರಲ್ಲಿ ಸಿಲೋಮಿಯೇ ಏದುಸಿರು ಬಿಡುತ್ತ ಓಡಿಬಂದಳು.

"ತೆವಾಕು! ನಿನ್ನ ಕೋಲು! ಎರಡು ಎಲೆ ಬಿಟ್ಟಿದೆ!"

ಎಲ್ಲರೂ ಒರುಂಬಿಯ ಅಂಗಳಕ್ಕೆ ಓಡಿದರು. ಹೊತ್ತು ಇನ್ನೂ ಮುಳುಗಿರಲಿಲ್ಲ. ದಿನವಿಡೀ ಯಾರೂ ಮುಟ್ಟದೆ ಬಿಟ್ಟಿದ್ದ ಕೋಲಿನ ತುದಿಯಲ್ಲಿ ಹಳದಿ ಬಟ್ಟೆಯ ಪಕ್ಕ ಎರಡು ಎಳೆ ಎಲೆಗಳಿದ್ದವು. ಪುರೇಗ ಬಗ್ಗಿ ನೋಡಿ ತಲೆದೂಗಿದ. "ಚಿಗುರಿದೆ. ಸಂಬಂಧ ಗಟ್ಟಿ."

ತೆವಾಕು ಸಿಲೋಮಿಯ ಕೈ ಹಿಡಿದುಕೊಂಡ. "ಮದುವೆ ಯಾವಾಗ ತಾತ? ನಾಳೆ? ನಾಡಿದ್ದು?"

ಪುರೇಗ ಗಡ್ಡ ನೀವಿಕೊಂಡ. "ನಾಳೆ ನಿಮ್ಮ ಚಿಕ್ಕಮ್ಮನ ಮದುವೆ ಕಣೋ. ಅವಳ ಕೋಲು ಮೊದಲು ಚಿಗುರ್ತು. ಒಂದು ಮನೆಗೆ ವರ್ಷಕ್ಕೆ ಒಂದೇ ಮದುವೆ. ನಿಂದು ಮುಂದಿನ ವರ್ಷ. ಅಂದ ಹಾಗೆ, ಒರುಂಬಿ ಅಂಗಳದಲ್ಲಿದ್ದ ಆ ಕಂಬಾನ ನಿಮ್ಮನೆಗೆ ತಂದಿದ್ದು ಯಾರು?"

ತೆವಾಕು ತನ್ನ ಕೋಲಿನ ಎಲೆ ಎಣಿಸತೊಡಗಿದ. ಚಪ್ಪರ ಕಳೆದುಕೊಂಡ ನೆರೆಮನೆಯವಳು ಅವನನ್ನೇ ನೋಡುತ್ತಿದ್ದಳು. ಸಿಲೋಮಿಗೆ ಮೊದಲು ಸಿಟ್ಟು ಬಂತು, ಆಮೇಲೆ ತಡೆಯಲಾರದ ನಗು ಬಂತು.

"ಮೂರು ವರ್ಷ ಕಾದಿಲ್ವಾ, ಇನ್ನೊಂದು ಕಾಯ್ತೀನಿ. ಅಲ್ಲೀವರೆಗೆ ಈ ಗಿಡ ಬದುಕಿರ್ಬೇಕು, ಅಷ್ಟೆ."

"ಅಲ್ಲೀವರೆಗೆ ನಮ್ಮನೆ ನೀರೂ ನಿಂದೇ. ಬೆಳಿಗ್ಗೆ ಒಡೆದ ಕೊಡಾನೂ ನಿಂದೇ" ಎಂದಳು ಒರುಂಬಿ.

ಹಿಂದೆ ಯಾರೋ ಕೆಮ್ಮಿದರು. ಬರಿಮೈಯ ಮೇಲೆ ಹೊದಾಲಿಯ ಹೂವಿನ ವಸ್ತ್ರ ಹೊದ್ದು ಕಪ್ತಾನ ನಿಂತಿದ್ದ. ಬೆಳಗಿನಂತೆಯೇ ಎದೆಯುಬ್ಬಿಸಿ ಏನೋ ಹೇಳಿದ. ದುಭಾಷಿ ತೆವಾಕುವಿನ ಕಡೆ ತಿರುಗಿದ.

"ನಿಮ್ಮ ಚಿಕ್ಕಪ್ಪ ಹೇಳ್ತಿದಾರೆ, ಇಂದಿನಿಂದ ಆ ಮನೆಯ ಜನ ಅವರ ರಕ್ಷಣೆಯಲ್ಲಂತೆ. ಅಂದ್ರೆ ನೀನು. ಅಲ್ಲಿಗೂ ಎರಡು ಕೊಡ ನೀರು ಬೇಕಂತೆ."

ಹೀಗೆ ಗ್ರೆಮಾರಿಯ ದೊರೆಗೆ ತಲೂಮದಲ್ಲಿ ಒಬ್ಬನೇ ಒಬ್ಬ ಪ್ರಜೆ ಸಿಕ್ಕಿದ. ಆ ಪ್ರಜೆ ಎರಡು ಮನೆಯ ಕೊಡ ಹೊತ್ತುಕೊಂಡು ಊಟೆಯ ಕಡೆ ಹೊರಟವನು, ಚಿಗುರಿದ ಕೋಲಿನ ಹತ್ತಿರ ಬಂದಾಗ ನಿಂತ. ಕೈ ಮೆಲ್ಲಗೆ ಮುಂದಕ್ಕೆ ಹೋಯಿತು.

"ತೆವಾಕು!" ಎಂದು ಸಿಲೋಮಿ ಒಳಗಿನಿಂದಲೇ ಕೂಗಿದಳು.

ಅವನು ಕೈ ಹಿಂದಕ್ಕೆಳೆದುಕೊಂಡು, ನಗುತ್ತ ನೀರಿಗೆ ಹೋದ.