ಆಕಾಶದ ಬಸ್ಸಿನಲ್ಲಿ ತಪ್ಪಿದ ತಾಳ

ಅತಿಥಿಯಾಗುವುದು ಸುಲಭದ ಕೆಲಸವೆಂದು ಬಹಳ ಕಾಲ ನಂಬಿದ್ದೆ. ಕರೆದಲ್ಲಿಗೆ ಹೋಗುವುದು, ಬಡಿಸಿದ್ದನ್ನು ಉಣ್ಣುವುದು, ಹೊರಡುವಾಗ ಟವೆಲ್ಲು ಹೊದಿಸಿಕೊಂಡು ಬರುವುದು, ಇದರಲ್ಲಿ ಕಲಿಯುವುದೇನಿದೆ? ಹೈಸ್ಕೂಲಿಗೇ ಓದು ನಿಲ್ಲಿಸಿ, ತಿಕೋಟಾದ ಭಜನೆಗಳಲ್ಲಿ ಹಾರ್ಮೋನಿಯಂ ಪೇಟಿ ಬಾರಿಸಿ ಹಾಡುತ್ತಲೇ ಮುದುಕನಾದ ನನಗೆ ಅದು ಸುಲಭವಲ್ಲವೆಂದು ತಿಳಿದದ್ದು ಒಂದು ಕಾರ್ಟೂನಿಗೆ ಅತಿಥಿಯಾಗಿ ಹೋದ ಮೇಲೆ. ತಿಳಿಯುವಷ್ಟರಲ್ಲಿ ಒಬ್ಬ ಗೆಳೆಯನನ್ನು ಊರ ಮುಂದೆ ನಗೆಪಾಟಲು ಮಾಡಿಯಾಗಿತ್ತು.

ಕಾರ್ಟೂನು ನನ್ನ ಮಗಳ ಮಗಳು ಅಕ್ಷತಾಳದು. ವಿಜಯಪುರದಲ್ಲಿ ಗೋಳಗುಮ್ಮಟದ ಹತ್ತಿರದ ಓಣಿಯಲ್ಲಿ ಗೆಳತಿಯರೊಂದಿಗೆ ಒಂದು ಕೋಣೆ ಹಿಡಿದು, ಕಂಪ್ಯೂಟರಿನಲ್ಲಿ ಚಿತ್ರ ಬರೆದು, ಅವಕ್ಕೆ ಜೀವ ಕೊಟ್ಟು ಮೊಬೈಲಿಗೆ ಬಿಡುತ್ತಾಳೆ. ಕತೆ ಇಷ್ಟೇ: ತಿಕೋಟಾದ ಲಾಸ್ಟ್ ಬಸ್ಸು ತಿರುವು ತಪ್ಪಿ ಆಕಾಶಕ್ಕೆ ಏರಿ, ಗ್ರಹದಿಂದ ಗ್ರಹಕ್ಕೆ ಅಲೆಯುತ್ತಿದೆ. ಕಂಡಕ್ಟರಮ್ಮ ಒಂದು ರೋಬೋಟು. ಶನಿಗ್ರಹದಲ್ಲಿಯೂ “ಒಳಗ ಸರೀರಿ, ಹಿಂದ ಜಾಗಾ ಐತಿ” ಎಂದೇ ಒದರುತ್ತಾಳೆ. ಪ್ರತಿ ಕಂತಿನಲ್ಲಿ ನಮ್ಮ ಕಡೆಯ ನಿಜವಾದ ಕಲಾವಿದರು ಚಿತ್ರವಾಗಿ, ತಮ್ಮದೇ ಹೆಸರು, ತಮ್ಮದೇ ದನಿಯಲ್ಲಿ ಬಸ್ಸು ಹತ್ತುತ್ತಾರೆ, ಒಂದಿಷ್ಟು ನಗೆಗೀಡಾಗಿ ಮುಂದಿನ ಗ್ರಹದಲ್ಲಿ ಇಳಿಯುತ್ತಾರೆ. ಮದುವೆ ಬ್ಯಾಂಡಿನ ಕ್ಲಾರಿಯೊನೆಟ್‌ನವನು ಚಂದ್ರನ ಮೇಲೆ ಊದಿದರೆ ಗಾಳಿಯಿಲ್ಲದೆ ದನಿಯೇ ಹೊರಡಲಿಲ್ಲ. ಈಗ ಮಂದಿ ಅವನನ್ನು ಮದುವೆಗೆ ಕರೆಯುವಾಗ “ಗಾಳಿ ನೀವ ತರ್ರಿ” ಎನ್ನುತ್ತಾರೆ.

ಹೀಗೆ ನಮ್ಮ ಪಾಳಿ ಬಂತು. ನಮ್ಮ ಎಂದರೆ ನಾನು ಮತ್ತು ಬಬಲೇಶ್ವರದ ತಬಲಾ ದಸ್ತಗೀರ. ನಮ್ಮ ಮೇಳದಲ್ಲಿ ಒಂದು ಬರೆಯದ ಕಟ್ಟಳೆಯಿದೆ. ಹಾಡುವವನು ನುಡಿ ಮರೆತರೆ ತಬಲಾದವನು ಕೈ ಜೋರು ಮಾಡಬೇಕು. ಆ ಸದ್ದಿನ ಮರೆಯಲ್ಲಿ ಹಾಡುವವನು ಮುಂದಿನ ನುಡಿ ಹುಡುಕಿಕೊಳ್ಳುತ್ತಾನೆ. ಕೇಳುವವರು “ದಸ್ತಗೀರಗ ಇವತ್ತ ಹುರುಪ ಭಾಳ” ಎನ್ನುತ್ತಾರೆ. ನನಗೆ ವಯಸ್ಸಾದಂತೆಲ್ಲ ಅವನ ಹುರುಪು ಹೆಚ್ಚುತ್ತ ಹೋಗಿತ್ತು.

ಭಜನೆಗಳಲ್ಲಿ ನಮ್ಮ ಪಕ್ಕದಲ್ಲೇ ಕೂತು ಬೆಳೆದ ಅಕ್ಷತಾ ಅದನ್ನೇ ಬರೆದಿದ್ದಳು. ಬಸ್ಸಿನಲ್ಲಿ ಭಾರ ಮಾಯವಾಗಿ ಪೇಟಿ ಮೇಲೆ ತೇಲುತ್ತದೆ, ಅದರೊಡನೆ ನನ್ನ ತಲೆಯೊಳಗಿನ ನುಡಿಯೂ ಹಾರಿಹೋಗುತ್ತದೆ, ದಸ್ತಗೀರ ತಬಲಾ ಬಡಿದು ಮಾನ ಉಳಿಸುತ್ತಾನೆ. ಓದಿ ನನಗೆ ಸಿಟ್ಟು ನೆತ್ತಿಗೇರಿತು.

“ನಾ ಮರೀತೀನಂತ ಊರಿಗೆಲ್ಲಾ ಡಂಗುರ ಸಾರತಿಯೇನಬೇ?”

“ಅಜ್ಜಾ, ಇದು ನಗೂ ಆಟ. ಮತ್ತ ನೀ ಮರಿಯಂಗಿಲ್ಲೇನು?”

“ಅವ ತಾಳ ತಪ್ಪಲಿ, ನಾ ಸಂಭಾಳಸ್ತೀನಿ. ಇಲ್ಲಾಂದ್ರ ನಾ ನಿನ್ನ ಬಸ್ ಹತ್ತಂಗಿಲ್ಲ.”

ಅವಳು ಪಕ್ಕದಲ್ಲಿದ್ದ ದಸ್ತಗೀರನ ಮುಖ ನೋಡಿದಳು. “ಹಂಗ ಬರಿ ಬೇ. ಚಿತ್ರದಾಗಿನ ದಸ್ತಗೀರ ತಪ್ಪಿದ್ರ ನನ್ನ ಕೈ ಸವೀತಾವೇನು?” ಎಂದು ಅವನು ನಕ್ಕುಬಿಟ್ಟ.

ಕಂತು ಹೊರಬಂತು. ಬಬಲೇಶ್ವರದ ಸಂತೆಯಲ್ಲಿ ಕಾಯಿಪಲ್ಲೆಯಾಕೆ “ಯಣ್ಣಾ, ತಾಳ ಆಕಾಶದಾಗ ಬಿಟ್ಟ ಬಂದಿಯೇನ?” ಎಂದು ಅವನನ್ನು ಕೆಣಕಿದಳು. ಅವನು ನಕ್ಕ. ಜೊತೆಗಿದ್ದ ನಾನೂ ನಕ್ಕೆ. ಆಮೇಲೆ ಅವನ ಊರಿನ ಭಜನೆಯ ಹಿರಿಯರಿಂದ ನನಗೆ ಫೋನು: “ಪೇಟಿ ನಿಮ್ದ ಇರ್ಲಿ. ತಬಲಾಕ್ಕ ಬ್ಯಾರೆದವ್ರಿಗೆ ಹೇಳೇವಿ. ದಸ್ತಗೀರಗ ವಯಸ್ಸಾತ್ರಿ, ಕಾರ್ಟೂನಿನ್ಯಾಗೂ ತಪ್ಪ್ಯಾನಲ್ಲ.” ಅಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು “ಹೂಂ” ಎಂದೆ. ಇಷ್ಟು ಸಣ್ಣ ಶಬ್ದಕ್ಕೆ ಒಬ್ಬ ಮನುಷ್ಯನನ್ನು ಅವನ ಜಾಗದಿಂದ ಎಬ್ಬಿಸುವ ಶಕ್ತಿ ಇರುತ್ತದೆ.

ಭಜನೆಯ ದಿನ ಹೊಸ ತಬಲಾದವನು ನನ್ನ ಪಕ್ಕ ಕೂತ; ದಸ್ತಗೀರ ಎದುರಿಗೆ ಜಮಖಾನೆಯ ಮೇಲೆ, ಮಂದಿಯ ನಡುವೆ. ಎರಡನೆಯ ಹಾಡಿನ ನಡುವೆ ನುಡಿ ಕೈಕೊಟ್ಟಿತು. ಪಕ್ಕಕ್ಕೆ ನೋಡಿದೆ. ಸಂಗೀತದ ತರಗತಿಯಲ್ಲಿ ಕಲಿತ ವಿನಯವಂತ ತರುಣ. ಹಿರಿಯನಾದ ನಾನು ಹಾಡು ನಿಲ್ಲಿಸಿದೆನೆಂದು ತಾನೂ ಗೌರವದಿಂದ ಕೈ ನಿಲ್ಲಿಸಿದ. ನನ್ನ ಪೇಟಿ ಮಾತ್ರ ದಮ್ಮು ಹತ್ತಿದವರಂತೆ ಉಸಿರುತ್ತಿತ್ತು. ಅಷ್ಟರಲ್ಲಿ ಎದುರಿನಿಂದ ಧಡಧಡ ಸದ್ದು! ದಸ್ತಗೀರ ಚಹಾದ ಖಾಲಿ ಕೆಟಲನ್ನು ಬೋರಲು ಹಾಕಿ ಬಾರಿಸುತ್ತಿದ್ದ. ನುಡಿ ನೆನಪಾಯಿತು. ಆದರೆ ನಾನು ಹಾಡಲಿಲ್ಲ. “ಮರೆತವ ನಾನ್ರಿ. ಯಾವಾಗ್ಲೂ ನಾನ. ಕಾರ್ಟೂನಿನ್ಯಾಗ ನನ್ನ ತಪ್ಪಿಗೆ ಇವನ ಹೆಸರ ಹಾಕಿಸಿದಾವನೂ ನಾನ” ಎಂದೆ. “ತಿಳೀತ ಬಿಡ್ರಿ, ಕೆಟಲ್ ಹೇಳ್ತು” ಎಂದರು ಹಿರಿಯರು. ಆ ತರುಣನೇ ಎದ್ದು ದಸ್ತಗೀರನಿಗೆ ಜಾಗ ಬಿಟ್ಟುಕೊಟ್ಟ.

ಭಜನೆಯ ಮಂದಿಗೇನೋ ತಿಳಿಯಿತು. ಮೊಬೈಲುಗಳಲ್ಲಿ ಚಿತ್ರದ ದಸ್ತಗೀರ ಇನ್ನೂ ತಪ್ಪುತ್ತಲೇ ಇದ್ದ. ಅಕ್ಷತಾಳಿಗೆ ದುಂಬಾಲು ಬಿದ್ದೆ: ಇನ್ನೊಮ್ಮೆ ಬಸ್ಸು ಹತ್ತಿಸು, ನೀನು ಮೊದಲು ಬರೆದಂತೆಯೇ ಆಗಲಿ. ಒಪ್ಪಿದಳು. ಆದರೆ ನಟನೆ ಬೇಡ, ದನಿ ನಿಜವಾಗಿಯೇ ತಡವರಿಸಬೇಕು ಎಂಬುದು ಅವಳ ಪಟ್ಟು. ದಸ್ತಗೀರನ ತಬಲಾದೊಂದಿಗೆ ಮೈಕಿನ ಮುಂದೆ ಕೂತು ಹಾಡಿದೆ. ಒಂದು ಅಕ್ಷರ ಬಿಡದೆ ಪೂರ್ತಿ ಬಂತು. ಮತ್ತೆ ಹಾಡಿದೆ; ಮತ್ತೆ ಪೂರ್ತಿ. ಭಜನೆಗಳಲ್ಲಿ ಎಂದೂ ಸಿಗದ ನುಡಿಗಳೆಲ್ಲ ಅಂದು ಪಾಳಿ ಹಚ್ಚಿ ನಿಂತಿದ್ದವು. “ಅಜ್ಜಾ, ಮರಿಯೋ!” ಎಂದು ಅವಳು ತಲೆ ಹಿಡಿದುಕೊಂಡಳು. “ಪೇಟಿ ಮಾಸ್ತರ, ನಿಮಗ ಮರಿಯಾಕೂ ಬರಂಗಿಲ್ಲ ನೋಡ್ರಿ” ಎಂದ ದಸ್ತಗೀರ. ಮುಂದಿನ ಸಲ ನಾನು ಏರುದನಿಯಲ್ಲಿದ್ದಾಗ ಅವನು ಬೇಕೆಂದೇ ಒಂದು ಪೆಟ್ಟು ತಪ್ಪಿಸಿದ. ನಾನು ಎಡವಿದೆ, ನುಡಿ ಹಾರಿತು, ಮರುಕ್ಷಣವೇ ಅವನ ಕೈ ಜೋರಾಯಿತು. ಅಕ್ಷತಾ ಚಪ್ಪಾಳೆ ತಟ್ಟಿದಳು.

ಈಗ ಊರೆಲ್ಲ ನನ್ನ ಮರೆವಿಗೆ ನಗುತ್ತದೆ, ನಾನೂ ತಲೆಯಾಡಿಸಿ ಒಪ್ಪಿಕೊಳ್ಳುತ್ತೇನೆ. ಆದರೆ ಇಲ್ಲಿಯಾದರೂ ನಿಜ ಹೇಳಬೇಕು: ನನ್ನ ತಪ್ಪನ್ನು ನಾನು ಒಪ್ಪಿಕೊಳ್ಳಲಿಕ್ಕೂ ದಸ್ತಗೀರನೇ ತಾಳ ತಪ್ಪಬೇಕಾಯಿತು.