ಆರು ಸೆಲ್ಲು, ಒಂದು ಹೆಬ್ಬೆರಳು

ರೇಡಿಯೊ ಎಂಬ ಪದಾರ್ಥದ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ನನ್ನ ಅಂಗಡಿಯ ಮೆಟ್ಟಿಲು ಹತ್ತುವ ಧೈರ್ಯ ಮಾಡಿಲ್ಲ! ನಾನು ಶಾಲೆಗೆ ಹೋದದ್ದು ನಾಲ್ಕೇ ವರ್ಷ. ಉಳಿದ ವಿದ್ಯೆಯನ್ನೆಲ್ಲ ಸತ್ತ ರೇಡಿಯೊಗಳ ಹೊಟ್ಟೆ ಬಗೆದು ಕಲಿತೆ. ನಲವತ್ತೆರಡು ವರ್ಷ ಬಗೆದಿದ್ದೇನೆ. ನನ್ನ ಬಲಗೈ ಹೆಬ್ಬೆರಳಿಗೆ ಕಣ್ಣಿದೆ ಎಂದು ಗಿರಾಕಿಗಳು ಹೇಳುತ್ತಿದ್ದರು. ಯಾವ ಸೆಟ್ಟನ್ನೇ ಕೈಗೆ ಕೊಡಿ, ನೋಡದೆಯೇ ಹಿಂದಿನ ಮುಚ್ಚಳವನ್ನು ಟಪ್ಪೆಂದು ಎಬ್ಬಿಸುತ್ತಿದ್ದೆ.

ಹೀಗಿರುವಾಗ ನನ್ನ ಮಗಳು ಬಂದು, "ಅಪ್ಪಾ, ವಿಮಾನಕ್ಕೆ ಒಂದು ಕೈ ರೇಡಿಯೊ ಬೇಕು, ಬ್ಯಾಕಪ್ಪಿಗೆ" ಎಂದಾಗ ನಾನು ಮೀಸೆ ತಿರುವಿದ್ದು ತಪ್ಪೇ? "ಆರಿಸೋ ಕೆಲಸ ನಂದು! ನೀನು ಬಾಯಿ ಬಿಡಬೇಡ!" ಎಂದು ಆಜ್ಞೆ ಹೊರಡಿಸಿಬಿಟ್ಟೆ.

ಮಗಳು ಪೈಲಟ್ಟು. ದೊಡ್ಡ ವಿಮಾನವೇನಲ್ಲ, ಇಬ್ಬರು ಕೂರುವ ತಗಡಿನ ಹಕ್ಕಿ. ದೂರದ ಊರುಗಳ ಆಸ್ಪತ್ರೆಗಳಿಗೆ ರಕ್ತ, ಔಷಧ ಹೊತ್ತುಕೊಂಡು ಹೋಗುತ್ತಾಳೆ. ಅವಳಿಗೆ ಹಾರಲು ಕಲಿಸಿದ ಗುರು ಆರು ತಿಂಗಳ ಹಿಂದಿನವರೆಗೂ ಇದೇ ಕೆಲಸದಲ್ಲಿದ್ದರು. ಒಂದು ಬೆಳಿಗ್ಗೆ ಅವರ ವಿಮಾನದಲ್ಲಿ ಕರೆಂಟು ಹೋಯಿತು. ಕರೆಂಟಿನ ಜೊತೆ ರೇಡಿಯೊವೂ ಹೋಯಿತು. ಕೆಳಗೆ ಮಂಜು. ಟವರಿನವರು ಹೇಳಿದ್ದು ಅವರಿಗೆ ಕೇಳಲಿಲ್ಲ, ಅವರು ಹೇಳಿದ್ದು ಟವರಿಗೆ ಕೇಳಲಿಲ್ಲ. ರನ್‌ವೇಯ ತುದಿಯಲ್ಲಿ ನೀರಿನ ಟ್ಯಾಂಕು ಇದೆಯಲ್ಲ, ಅದರ ಒಂದು ಕಂಬಕ್ಕೆ ಈಗ ಹೊಸ ಸುಣ್ಣ ಬಳಿದಿದ್ದಾರೆ. ಉಳಿದ ಮೂರು ಕಂಬ ಹಳೆಯ ಬಣ್ಣದವೇ. ಮಗಳು ಆ ಕಂಬದ ಕಡೆ ನೋಡದೆ ಬೈಕು ಓಡಿಸುವುದನ್ನು ನಾನು ಕಂಡಿದ್ದೆ.

ಹೊಸ ರೇಡಿಯೊ ಮಾರುವ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವನು ಬಣ್ಣದ ಪರದೆಯ ಒಂದು ಸುಂದರಾಂಗನನ್ನು ಮುಂದಿಟ್ಟ. "ಯಜಮಾನ್ರೇ, ಇದು ದಾರಿ ತೋರ್ಸುತ್ತೆ, ಹವಾ ಹೇಳುತ್ತೆ, ಒಂದು ಸಲ ಚಾರ್ಜ್ ಮಾಡಿದ್ರೆ ಇಡೀ ದಿನ ಬರುತ್ತೆ."

"ಮಾಡದೇ ಇದ್ರೆ?"

"ಅಂದ್ರೆ?"

"ಬ್ಯಾಕಪ್ಪು ಅಂದ್ರೆ ಬ್ಯಾಗಿನ ತಳದಲ್ಲಿ ಆರು ತಿಂಗಳು ಕುಂಭಕರ್ಣನ ಹಾಗೆ ಮಲಗೋ ಜೀವ ಕಣಪ್ಪ. ಮಲಗಿದಲ್ಲೇ ಚಾರ್ಜು ಸೋರಿಹೋದ್ರೆ? ಎಬ್ಬಿಸೋ ದಿನ ಎದ್ದೇಳಬೇಕಲ್ಲ! ಸಾದಾ ಪೆನ್ಸಿಲ್ ಸೆಲ್ ಹಾಕೋ ತಟ್ಟೆ ಇರೋದು ಇದೆಯಾ?"

ಇತ್ತು. ಕಪ್ಪಗೆ, ಒರಟಾಗಿ, ನನ್ನ ಹಾಗೇ ಇತ್ತು. ಆರು ಸೆಲ್ಲಿನದು. ಕಣ್ಣು ಮುಚ್ಚಿ ಗುಂಡಿಗಳನ್ನು ತಡವಿದೆ. ಕೈಗವಸು ತೊಟ್ಟ ಬೆರಳಿಗೂ ಸಿಗುವಷ್ಟು ದೂರ ದೂರ ಇದ್ದವು. ಎಂಜಿನ್ ಸದ್ದಿನಲ್ಲಿ ಆ ಪುಟಾಣಿ ಸ್ಪೀಕರು ಯಾರಿಗೆ ಕೇಳಬೇಕು? ಅದಕ್ಕೆ ಮಗಳ ಹೆಡ್‌ಫೋನಿಗೆ ಜೋಡಿಸುವ ವೈರನ್ನೂ ಹಟ ಹಿಡಿದು ತೆಗೆಸಿದೆ. ಮಗಳು, "ಅಪ್ಪಾ, ಪೈಲಟ್ಟು ನೀವಾಗಬೇಕಿತ್ತು" ಎಂದಳು. ಮನೆಗೆ ಬರುವವರೆಗೂ ನನ್ನ ಸ್ಕೂಟರಿನ ಚಕ್ರ ನೆಲಕ್ಕೆ ತಾಗಿದ ನೆನಪಿಲ್ಲ!

ಇಲ್ಲಿ ನನ್ನ ಒಂದು ಗುಣವನ್ನು ಒಪ್ಪಿಕೊಂಡುಬಿಡುತ್ತೇನೆ. ರಿಪೇರಿಯವನ ಕಣ್ಣಿನಲ್ಲಿ ಸೆಲ್ ಎಂದರೆ ಬಾಡಿಗೆಗೆ ಬಂದು ಮನೆಯನ್ನೇ ತಿನ್ನುವ ಒಕ್ಕಲು. ಸುಮ್ಮನೆ ಬಿಟ್ಟರೆ ಸೋರುತ್ತದೆ, ಸ್ಪ್ರಿಂಗು ಹಸಿರುಗಟ್ಟುತ್ತದೆ, ಒಳಗೆಲ್ಲ ಕೀವು ಹಿಡಿದಂತಾಗುತ್ತದೆ. ಹಾಗೆ ಸತ್ತ ಸೆಟ್ಟುಗಳನ್ನು ಸಾವಿರ ನೋಡಿದ್ದೇನೆ. ಆದ್ದರಿಂದ ನನ್ನ ಕಾನೂನು ಒಂದೇ: ಯಂತ್ರ ಮಲಗಿತೋ, ಸೆಲ್ ಹೊರಗೆ! ಕಾಗದದಲ್ಲಿ ಸುತ್ತು, ರಬ್ಬರ್ ಬ್ಯಾಂಡ್ ಹಾಕು, ಹೆಸರು ಬರೆ, ಡ್ರಾಯರಿನಲ್ಲಿಡು.

ಈ ಕಾನೂನಿನಿಂದ ಮನೆಯಲ್ಲಿ ಅನಾಹುತಗಳು ಆಗಿಲ್ಲವೆಂದಲ್ಲ. ನಾಲ್ಕು ದಿನ ನೆಂಟರ ಮನೆಗೆ ಹೋಗಿ ಬಂದರೆ ಗೋಡೆ ಗಡಿಯಾರ ನಾವು ಹೊರಟ ಗಳಿಗೆಯಲ್ಲೇ ನಿಂತಿರುತ್ತಿತ್ತು. ಅಟ್ಟ ಹತ್ತಿದ ಹೆಂಡತಿಯ ಕೈಯಲ್ಲಿ ಟಾರ್ಚು ಹೊತ್ತಿದ್ದೇ ಇಲ್ಲ. ಒಮ್ಮೆಯಂತೂ ನನ್ನ ಅತ್ತೆ ಮಧ್ಯಾಹ್ನ ನಿದ್ದೆ ಹೋದಾಗ ಪಕ್ಕದಲ್ಲಿಟ್ಟಿದ್ದ ಅವರ ಕಿವಿಯ ಯಂತ್ರದ ಸೆಲ್ಲನ್ನೂ ತೆಗೆದು ಜೋಪಾನ ಮಾಡಿದ್ದೆ. ಎದ್ದವರು ತಮ್ಮ ಕಿವಿ ಪೂರ್ತಿ ಹೋಯಿತೆಂದು, ಇನ್ನು ಹೆಚ್ಚು ದಿನವಿಲ್ಲವೆಂದು, ಮೂರು ಊರಿನ ಬಂಧುಗಳನ್ನು ಕರೆಸಿ ಬಳೆ ಹಂಚಿಬಿಟ್ಟರು!

ಆ ಮೇಲೆ ಹೆಂಡತಿ ತನಗೆಂದೇ ಒಂದು ದಪ್ಪ ಟಾರ್ಚು ಕೊಂಡಳು. ಅದರ ಮುಚ್ಚಳಕ್ಕೆ ಗಾಯಕ್ಕೆ ಹಚ್ಚುವ ಅಂಟುಪಟ್ಟಿಯನ್ನು ಮೂರು ಸುತ್ತು ಸುತ್ತಿ, ಪಟ್ಟಿಯ ಮೇಲೆ ಸಹಿ ಹಾಕಿದಳು. ಖಜಾನೆಯ ಬೀಗಕ್ಕೂ ಅಷ್ಟು ಭದ್ರತೆ ಇರಲಿಕ್ಕಿಲ್ಲ.

ಆ ದಿನ ಬೆಳಿಗ್ಗೆ ಐದೂವರೆಗೆ ಮಗಳು ಹೊರಟಳು. ಬ್ಯಾಗಿನಲ್ಲಿ ಹೊಸ ರೇಡಿಯೊವನ್ನು ನಾನೇ ಇಟ್ಟೆ.

"ಅಪ್ಪಾ, ಸೆಲ್ ಹಾಕಿದ್ದೀರಾ?"

"ಹೊಚ್ಚ ಹೊಸದು! ನಿನ್ನೆ ಒಂದು ಗಂಟೆ ಹಾಕಿ ಪರೀಕ್ಷೆ ಮಾಡಿದ್ದೀನಿ. ಗಂಟೆ ಹೊಡೆದ ಹಾಗೆ ಮಾತಾಡುತ್ತೆ!"

"ನೀವು ನೋಡಿದ್ಮೇಲೆ ನಾನೇನು ನೋಡೋದು" ಎಂದು ಜಿಪ್ಪೆಳೆದಳು.

ಅಷ್ಟರಲ್ಲಿ ಹೆಂಡತಿ ಒಳಗಿನಿಂದ ಬಂದು ತನ್ನ ಟಾರ್ಚನ್ನು ಆ ಬ್ಯಾಗಿನ ಪಕ್ಕದ ಜೇಬಿಗೆ ತುರುಕಿದಳು.

"ಹಗಲಲ್ಲಿ ಹಾರೋಳಿಗೆ ಟಾರ್ಚ್ ಯಾಕೇ? ಸೂರ್ಯ ಎಲ್ಲಿದ್ದಾನೆ ಅಂತ ಹುಡುಕೋಕಾ?" ಎಂದು ನಾನು ಹೊಟ್ಟೆ ಕುಲುಕಿಸಿ ನಕ್ಕೆ.

"ನಕ್ಕೊಳ್ಳಿ. ನನ್ನ ಟಾರ್ಚು ಇದು. ಹೊತ್ಕೊಳ್ಳುತ್ತೆ" ಎಂದಳು ಆಕೆ. ಮಗಳು ಅವಳ ಕೆನ್ನೆ ಮುಟ್ಟಿ ಹೋದಳು.

ಎಂಟು ಗಂಟೆಗೆ ಕೆಲಸಕ್ಕೆ ಕೂತೆ. ಕಿಟಕಿಯಾಚೆ ಮಂಜು ಹಿಟ್ಟಿನ ಚೀಲ ಒಡೆದಂತೆ ಸುರಿಯುತ್ತಿತ್ತು. ಎದುರು ಮನೆಯ ಗೇಟು ಕಾಣುತ್ತಿರಲಿಲ್ಲ. ಸ್ಕ್ರೂಡ್ರೈವರಿಗೆಂದು ಡ್ರಾಯರ್ ಎಳೆದೆ. ಮೇಲುಗಡೆಯೇ ಒಂದು ಪೊಟ್ಟಣ ಕೂತಿತ್ತು. ರಬ್ಬರ್ ಬ್ಯಾಂಡ್ ಹಾಕಿತ್ತು. ನನ್ನದೇ ದುಂಡಗಿನ ಅಕ್ಷರ: "ಮಗಳ ರೇಡಿಯೊ. ಆರು. ಹೊಸದು."

ಪೊಟ್ಟಣ ಎತ್ತಿ ಬೆರಳಲ್ಲೇ ಎಣಿಸಿದೆ, ಆರೂ ಇದ್ದವು.

ಹಾಕಿದ್ದು ನಿಜ. ಒಂದು ಗಂಟೆ ಪರೀಕ್ಷೆ ಮಾಡಿದ್ದೂ ನಿಜ. ಆಮೇಲೆ ಯಂತ್ರವನ್ನು ಮಲಗಿಸಿದೆ. ಮಲಗಿಸಿದ ಮೇಲೆ ಕಣ್ಣಿರುವ ಈ ಹೆಬ್ಬೆರಳು, ನಲವತ್ತೆರಡು ವರ್ಷ ಮಾಡಿದ್ದನ್ನೇ ಮಾಡಿತ್ತು. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ.

ವಿಮಾನದ ದೊಡ್ಡ ರೇಡಿಯೊ ಇದೆಯಲ್ಲ, ಇದು ಬರೀ ಬ್ಯಾಕಪ್ಪು ತಾನೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತ, ಪೊಟ್ಟಣ ಹಿಡಿದು ಸ್ಕೂಟರು ಹತ್ತಿದೆ. ವಿಮಾನದ ಮೈದಾನ ಮೂರೇ ಮೈಲಿ. ಟವರಿನ ಸೆಟ್ಟುಗಳನ್ನು ರಿಪೇರಿ ಮಾಡುವವನಾದ್ದರಿಂದ ನನ್ನನ್ನು ಯಾರೂ ತಡೆಯುವುದಿಲ್ಲ. ಮೇಲೆ ಹತ್ತಿದರೆ ಅಧಿಕಾರಿ ಮೈಕು ಹಿಡಿದು ನಿಂತೇ ಇದ್ದರು.

"ಎರಡು-ಏಳು, ಎರಡು-ಏಳು, ಕೇಳಿಸ್ತಿದೆಯಾ?"

ಎರಡು-ಏಳು ನನ್ನ ಮಗಳ ವಿಮಾನ.

ಅಧಿಕಾರಿ ತಿರುಗಿ ನೋಡಿದರು. "ಯಜಮಾನ್ರೇ, ಕೂತ್ಕೊಳ್ಳಿ. ವಾಪಸ್ ಬರ್ತಾ, ವಿಮಾನದ ಬ್ಯಾಟರಿ ಚಾರ್ಜ್ ಆಗ್ತಿಲ್ಲ ಅಂತ ಹೇಳಿದ್ಲು. ಅರ್ಧ ಮಾತಿಗೆ ನಿಂತುಹೋಯ್ತು. ಹನ್ನೆರಡು ನಿಮಿಷ ಆಯ್ತು. ಮೊಬೈಲೂ ಎತ್ತುತ್ತಿಲ್ಲ."

ನಾನು ಕೂರಲಿಲ್ಲ. ಪೊಟ್ಟಣವನ್ನು ಮುಷ್ಟಿಯಲ್ಲಿ ಅಮುಕಿಕೊಂಡು ಕಿಟಕಿಗೆ ಹೋದೆ.

"ನದಿಯಾಚೆ ಇನ್ನೊಂದು ವಿಮಾನದ ಮೈದಾನದಲ್ಲಿ ಬಿಸಿಲಿದೆ. ಅಲ್ಲಿಗೆ ಹೋಗು ಅಂತ ಒಂದು ಮಾತು ಅವಳ ಕಿವಿಗೆ ಬಿದ್ರೆ ಸಾಕು. ಅಲ್ಲೂ ಮಂಜಿದೆ ಅಂದ್ಕೊಂಡ್ರೆ ಇಲ್ಲೇ ಇಳಿಯೋಕೆ ನೋಡ್ತಾಳೆ. ಪೆಟ್ರೋಲು ಒಂದು ಸಲಕ್ಕಷ್ಟೇ ಆಗೋದು. ಕೈ ರೇಡಿಯೊ ತಗೊಂಡಿದ್ದಾಳಲ್ಲ, ಇಷ್ಟು ಹೊತ್ತಿಗೆ ಅದರಲ್ಲಿ ಮಾತಾಡಬೇಕಿತ್ತು... ನಿಮ್ಮ ಕೈಯಲ್ಲೇನದು?"

ನಾನು ಮುಷ್ಟಿ ಬಿಚ್ಚಿದೆ. ಪೊಟ್ಟಣದ ಮೇಲಿನ ಅಕ್ಷರ ಅವರು ಓದಿದರು. ಬೈದಿದ್ದರೆ ಚೆನ್ನಾಗಿತ್ತು. ಅವರು ಮತ್ತೆ ಕಿಟಕಿಯ ಕಡೆ ತಿರುಗಿದರು.

ಆಗ ಸದ್ದು ಕೇಳಿತು. ಮಂಜಿನ ಮೇಲೆ, ಎಲ್ಲೋ, ಸಣ್ಣಗೆ. ಮಗುವಾಗಿದ್ದಾಗ ಅವಳು ನನ್ನ ಅಂಗಡಿಯ ಸುತ್ತ ಬಾಯಲ್ಲಿ ಗುರ್ರೆನ್ನುತ್ತ ಓಡುತ್ತಿದ್ದಳಲ್ಲ, ಹಾಗೆ. ಸದ್ದು ಒಂದು ಸುತ್ತು ಬಂತು. ಎರಡನೆಯ ಸುತ್ತಿಗೆ ಕೆಳಗಿಳಿದಿತ್ತು. ಮಂಜಿನಲ್ಲಿ ಟ್ಯಾಂಕು ಕಾಣುತ್ತಿರಲಿಲ್ಲ, ಆದರೂ ಆ ಹೊಸ ಸುಣ್ಣದ ಕಂಬ ನನಗೆ ಕಾಣುತ್ತಿತ್ತು. ನಾನು ಕೈಮುಗಿಯಲು ಹೋದೆ. ಎರಡು ಅಂಗೈಗಳ ನಡುವೆ ಆ ಆರು ಸೆಲ್ಲುಗಳು ಅಡ್ಡ ಬಂದವು.

ಮೂರನೆಯ ಸುತ್ತು. ಇನ್ನೂ ಕೆಳಗೆ. ಕಿಟಕಿಯ ಗಾಜು ನಡುಗಿತು.

ಸ್ಪೀಕರು ಕರಕರ ಎಂದಿತು.

"...ವರ್, ಎರಡು-ಏಳು. ಕೈ ರೇಡಿಯೊದಿಂದ. ಕೇಳಿಸ್ತಿದೆಯಾ?"

ಅಧಿಕಾರಿ ಮೈಕಿನ ಮೇಲೆ ಬಿದ್ದರು. "ಎರಡು-ಏಳು! ಮೇಲೆ ಹೋಗು! ಇಳೀಬೇಡ! ನದಿಯಾಚೆ ಮೈದಾನ ಬಿಸಿಲು, ಅಲ್ಲಿಗೆ ಹೋಗು!"

"ನದಿಯಾಚೆ. ಮೇಲೆ ಹೋಗ್ತಿದ್ದೀನಿ." ಧ್ವನಿ ಗಂಟೆ ಹೊಡೆದ ಹಾಗಿತ್ತು. ನಾನು ಆರಿಸಿದ ರೇಡಿಯೊ! ಆದರೆ ಮೀಸೆಯ ಕಡೆಗೆ ಕೈ ಹೋಗಲಿಲ್ಲ. ಎಂಜಿನ್ ಸದ್ದು ಮೇಲೇರಿತು, ದೂರವಾಯಿತು. ನಾನು ಹೆಂಗಸರಂತೆ ಅತ್ತೆ ಎಂದು ಬರೆಯಲು ನಾಚಿಕೆ. ಹೆಂಗಸರು ಅಷ್ಟು ಅಳುವುದಿಲ್ಲ.

ಸ್ವಲ್ಪ ಹೊತ್ತಿಗೆ ಸ್ಪೀಕರು ಮತ್ತೆ ಮಾತಾಡಿತು. "ಟವರ್, ಮೈದಾನ ಕಾಣ್ತಿದೆ. ನಮ್ಮಪ್ಪ ಅಲ್ಲಿಗೆ ಬಂದಿದ್ದಾರಾ?"

"ಇಲ್ಲೇ ಇದ್ದಾರೆ."

"ಎರಡೂ ಕೈ ಜೇಬಲ್ಲಿ ಇಟ್ಕೊಳ್ಳೋಕೆ ಹೇಳಿ. ಅಲ್ಲಿ ಏನೂ ಮುಟ್ಟಬಾರ್ದು."

ಸಂಜೆ ಮನೆಗೆ ಬಂದವಳು ಬ್ಯಾಗನ್ನು ಮೇಜಿನ ಮೇಲಿಟ್ಟು ಕೂತಳು. ರೇಡಿಯೊ ಒತ್ತಿದರೆ ಸತ್ತಿತ್ತಂತೆ. ಮುಚ್ಚಳ ತೆಗೆದರೆ ತಟ್ಟೆ ಖಾಲಿ. ತಕ್ಷಣ ಪಕ್ಕದ ಜೇಬಿನ ಟಾರ್ಚು ನೆನಪಾಯಿತಂತೆ. ಅದರಲ್ಲೂ ಅದೇ ಪೆನ್ಸಿಲ್ ಸೆಲ್ಲು, ಆರು. "ಅಮ್ಮಾ, ನಿನ್ನ ಪಟ್ಟಿ ಕಿತ್ತು ಬರ್ಲಿಲ್ಲ. ವಿಮಾನ ತಿರುಗಿಸೋ ಸ್ಟಿಕ್ಕು ಮೊಣಕಾಲಲ್ಲಿ ಹಿಡಿದು ಹಲ್ಲಲ್ಲಿ ಕಿತ್ತೆ. ಮೂರು ಸುತ್ತು ಯಾಕೆ ಹಾಕಿದ್ದೆ?"

"ಇವರಿಗೆ ಎರಡು ಸುತ್ತು ಸಾಲ್ತಿರ್ಲಿಲ್ಲ."

"ನಾನೂ ಮುಚ್ಚಳ ತೆಗೆದು ನೋಡ್ಬೇಕಿತ್ತು" ಎಂದಳು ಮಗಳು ನನ್ನ ಕಡೆ ನೋಡದೆ. ಆ ಒಂದು ಮಾತಿಗಿಂತ ಬೆತ್ತದ ಏಟು ಸಿಹಿ. ನಾಳೆಯಿಂದ ಅವಳು ನನ್ನ ಕೈಯ ಕೆಲಸವನ್ನು ತೆರೆದು ನೋಡಿಯೇ ಹಾರುತ್ತಾಳೆ. ನೋಡಬೇಕು.

"ನನ್ನ ಬುದ್ಧಿಗೆ..." ಎಂದು ಶುರು ಮಾಡಿದೆ.

"ಬುದ್ಧಿ ಸರಿಯಾಗೇ ಇದೆ ರೀ. ರೇಡಿಯೊ ಚೆನ್ನಾಗೇ ಆರಿಸಿದ್ರಿ" ಎಂದಳು ಹೆಂಡತಿ. ಬೀರುವಿನಿಂದ ಅಂಟುಪಟ್ಟಿಯ ಸುರುಳಿ ತಂದು ಕೂತಳು. ಮೊದಲು ಕೈ ರೇಡಿಯೊದಿಂದ ತನ್ನ ಟಾರ್ಚಿನ ಸೆಲ್ಲು ತೆಗೆದು, ಪೊಟ್ಟಣದ ಆ ಆರು ಸೆಲ್ಲು ಹಾಕಿ, ಒತ್ತಿ ನೋಡಿ, ಮುಚ್ಚಳಕ್ಕೆ ಪಟ್ಟಿ ಸುತ್ತಿದಳು. ಈ ಸಲ ಒಂದೇ ಸುತ್ತು, ಕೀಳಲು ಒಂದು ತುದಿ ಬಿಟ್ಟು. ಆಮೇಲೆ ತನ್ನ ಟಾರ್ಚು, ಗೋಡೆ ಗಡಿಯಾರ, ತನ್ನ ತಾಯಿಯ ಕಿವಿಯ ಯಂತ್ರ. ಪ್ರತಿಯೊಂದರ ಮೇಲೂ ಸಹಿ.

ಎಲ್ಲ ಮುಗಿದ ಮೇಲೂ ಸುರುಳಿಯಲ್ಲಿ ಒಂದು ಗೇಣು ಉಳಿದಿತ್ತು. ಅದನ್ನು ಹರಿದು ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದಳು.

"ಎಲ್ಲಿ, ಆ ಬಲಗೈ ಹೆಬ್ಬೆರಳು ಕೊಡಿ."

ಕೊಟ್ಟೆ. ಮೂರು ಸುತ್ತು ಹಾಕಿ ಸಹಿ ಮಾಡಿದಳು.